ಹರಕೆಯಿಲ್ಲದ ನಡಿಗೆ

ದೂರದ ನಡಿಗೆಗೆ ಹೊರಡುವ ಮುನ್ನ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊ ಎಂದು ಮಗಳು ಹಟ ಹಿಡಿದಿದ್ದಳು. ಮೊನ್ನೆ ಹೋದೆ. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ತೋಳನ್ನು ಒರೆಸಿದರು. ಆ ವಾಸನೆಗೆ ಆಳಂದದ ನಮ್ಮ ಪಕ್ಕದ ಮನೆಯ ನರ್ಸಬಾಯಿ ಕಣ್ಣ ಮುಂದೆ ಬಂದರು. ನಿವೃತ್ತರಾಗಿ ವರ್ಷ ಕಳೆದರೂ ಅವರ ಸೆರಗಿನಿಂದ ಆ ವಾಸನೆ ಹೋಗಿರಲಿಲ್ಲ...

ನಾನಾಗ ಆ ಊರಿನ ಶಾಲೆಗೆ ಹೊಸದಾಗಿ ಬಂದ ಶಿಕ್ಷಕಿ. ಅವರು ಲಸಿಕೆಯ ಡಬ್ಬಿ ಹೆಗಲಿಗೆ ಹಾಕಿಕೊಂಡು ಹಳ್ಳಿಹಳ್ಳಿ ತಿರುಗಿದವರು. ಆದರೆ ಹೊತ್ತು ಮುಳುಗುವ ಮೊದಲು ಮನೆ ಸೇರುವ ಅವಸರದಲ್ಲಿ ದಾರಿಬದಿಯ ಮಡ್ಡಿಗಳನ್ನು ಎಂದೂ ಹತ್ತಿರಲಿಲ್ಲ. ಮಡ್ಡಿ ಎಂದರೆ ನಮ್ಮ ಕಡೆಯ ಎತ್ತರದ ಬಯಲು. ಕಲ್ಲು, ಕುರುಚಲು ಹುಲ್ಲು, ಬರೀ ಗಾಳಿ.

"ಅದರ ಆ ಕಡಿ ಏನದ ಅಂತ ನೌಕರಿ ಮುಗಿಯೋ ತನಕ ಯೋಚನಿ ಮಾಡೇನಿ. ಈಗ ಹೋಗಿ ನೋಡೋಣ ನಡಿ," ಎಂದರು ಒಂದು ಸಂಜೆ. ಮಡ್ಡಿಯ ಮೇಲೆಯೇ ಸಾಗಿ ಅಫಜಲಪುರದ ಸೀಮೆಗೆ ಇಳಿಯುವುದು, ಭೀಮಾ ನದಿಯನ್ನು ದಾಟಿ ಜೇವರ್ಗಿ ಮುಟ್ಟುವುದು. ಎಲ್ಲವೂ ಕಾಲ್ನಡಿಗೆ.

ಎದುರು ಮನೆಯ ಮುದುಕಿಗೆ ಇದು ತಿಳಿಯಲೇ ಇಲ್ಲ. "ಜಿಡಗಾ ಮಠಕ್ಕೇನ್ರಿ?"

"ಇಲ್ರಿ ಆಯಿ, ಜೇವರ್ಗಿಗಿ."

"ಅಲ್ಲಿ ಯಾವ ದೇವರಿಗಿ ಹರಕಿ?"

"ಯಾವ ದೇವರಿಗೂ ಇಲ್ರಿ. ಸುಮ್ನ, ನೋಡಾಕ."

ಜೋಳ ತೆನೆ ಹಿಡಿಯುವ ಹೊತ್ತಿಗೆ ಹೊರಡುವುದೆಂದಾಯಿತು. ಆಗ ಕರಿನೆಲ ಕಾಲಿಗೆ ಮೆತ್ತುವುದಿಲ್ಲ, ಬಿಸಿಲೂ ಸುಡುವುದಿಲ್ಲ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಅವರು ದಾರಿ ಬರೆದರು: ಯಾವ ಬಾವಿಯ ನೀರು ಸಿಹಿ, ಎಲ್ಲಿ ನಾಯಿ ಕಚ್ಚುತ್ತದೆ, ತಾವು ಹೆರಿಗೆ ಮಾಡಿಸಿದ ಯಾರ ಮನೆಯಲ್ಲಿ ಉಳಿಯಬಹುದು. ಮಡ್ಡಿಯ ಮೇಲಿಂದ ಭೀಮೆ ಕಾಣುತ್ತದೆಯೋ ಇಲ್ಲವೋ ಎಂದು ದಿನವೂ ವಾದಿಸುತ್ತಿದ್ದೆವು.

ಹೊರಡುವ ಹಿಂದಿನ ದಿನ ನನ್ನ ಅಪ್ಪ ಬಂದರು. "ಮದುವಿ ಆಗೋ ಹುಡುಗಿ ಊರೂರು ಅಡ್ಡಾಡಿದ್ರ ಮಂದಿ ಏನಂತಾರ?" ನಾನು ಪಕ್ಕದ ಮನೆಗೆ ಹೋಗಿ, "ಅಕ್ಕಾರ, ನನಗ ಜ್ವರ ಬಂದಂಗ ಆಗೇದ್ರಿ," ಎಂದೆ.

ನರ್ಸಬಾಯಿ ನನ್ನ ಹಣೆಯ ಮೇಲೆ ಕೈಯಿಟ್ಟರು. ಅಂಥವರ ಕೈಗೆ ಸುಳ್ಳು ಗೊತ್ತಾಗದೆ ಇದ್ದೀತೆ... ಕೈ ಬೇಗನೆ ತೆಗೆಯಲಿಲ್ಲ. "ಆರಾಮ ಮಾಡವ್ವಾ. ನಾ ಮುಂದ ನಡದಿರ್ತೇನಿ," ಎಂದರು.

ಒಬ್ಬರೇ ಹೋದರು. ವಾರದ ಮೇಲೆ ಬಸ್ಸಿನಲ್ಲಿ ಮರಳಿದಾಗ ಮುಖ ಬಿಸಿಲಿಗೆ ಕಪ್ಪಾಗಿತ್ತು, ಕಣ್ಣುಗಳು ಹೊಳೆಯುತ್ತಿದ್ದವು. "ಭೀಮಾ ಕಾಣ್ತದೇನ್ರಿ?" ಎಂದು ಕೇಳಿದೆ. "ನೀನ ಹೋಗಿ ನೋಡು," ಎಂದು ನಕ್ಕರು. ನನಗೆ ಮದುವೆಯಾಯಿತು, ವರ್ಗವಾಯಿತು. ಅವರು ತೀರಿಕೊಂಡ ಸುದ್ದಿ ತಲುಪಿದಾಗ ತಿಂಗಳುಗಳೇ ಕಳೆದಿದ್ದವು.

ಈಗ ನಾನೂ ನಿವೃತ್ತಳು. ಅದೇ ದಾರಿಯಲ್ಲಿ ನಡೆಯಬೇಕೆಂದು ಗೆಳತಿಯೊಬ್ಬಳೊಂದಿಗೆ ಯೋಜನೆ ಹಾಕಿದ್ದೇನೆ. ತಂಗಲು ಜಾಗ ಕೇಳಲೆಂದು ನಿನ್ನೆ ಆ ದಾರಿಯಲ್ಲಿನ ಗೊಬ್ಬೂರಿಗೆ ಹೋಗಿ, ಅವರು ಅಂದು ಕ್ಯಾಲೆಂಡರಿನ ಹಿಂದೆ ಬರೆದಿದ್ದ ಮನೆಯನ್ನು ಹುಡುಕಿದೆ. ಮನೆಯ ಹಿರಿಯಾಕೆಗೆ ಎಲ್ಲವೂ ನೆನಪಿತ್ತು.

"ಬಂದಿದ್ರು ನೋಡ್ರಿ. ಹಿಂದ ಒಬ್ಬಾಕಿ ಟೀಚರ್ ಬರ್ತಾಳ, ಎರಡು ಹಾಸಿಗಿ ಹಾಸ್ರಿ ಅಂದ್ರು. ಮರುದಿನ ಮಧ್ಯಾಹ್ನದ ತನಕ ಕಟ್ಟಿ ಮ್ಯಾಲೆ ಕುಂತು ದಾರಿ ನೋಡಿದ್ರು."

"ಆಕಿ ನಾನ ರೀ," ಎಂದೆ.

ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬೈಯಲಿಲ್ಲ. "ನರ್ಸಬಾಯೋರು ಈಗ ಹೆಂಗದಾರ್ರಿ?" ಎಂದು ಕೇಳಿದಳು.

ನಾನು ಅದೇ ಕಟ್ಟೆಯ ಮೇಲೆ ಕುಳಿತು, ಅವರಿಲ್ಲ ಎಂದು ಹೇಳಿದೆ.