ಹಾಲಿನ ಡೈರಿಯಲ್ಲಿ ಟಿಕ್ ಅಂದ ಪೆಟ್ಟಿಗೆ

ಮೇಜಿನ ಮೇಲಿದ್ದ ಪೆಟ್ಟಿಗೆ ಟಿಕ್ ಅಂದಿತು. ಸಾಲಿನಲ್ಲಿ ನಿಂತಿದ್ದ ಸಾಕಮ್ಮ ಹಾಲಿನ ಕ್ಯಾನನ್ನು ಸೆರಗಿನ ಮರೆಗೆ ಎಳೆದುಕೊಂಡರು.

"ನಾನ್ ನೀರಾಕಿಲ್ಲ ಕಣಪ್ಪ! ಈಗ್ತಾನೆ ಕರ್ದಿರೋದು, ಬಿಸಿ ಆರಿಲ್ಲ, ಮುಟ್ನೋಡು!"

ಪಾಂಡವಪುರದ ಹತ್ತಿರದ ಒಂದು ಹಳ್ಳಿ. ಊರಿನವರೆಲ್ಲ ಒಂದು ಕಡೆ ಸೇರುವುದು ಸಂಜೆ ಡೈರಿಗೆ ಹಾಲು ಹಾಕುವಾಗ. ಅದಕ್ಕೇ ನಮ್ಮ ವಿಜ್ಞಾನದ ಕಾರ್ಯಕ್ರಮವನ್ನೂ ಅಲ್ಲೇ ಇಟ್ಟುಕೊಂಡಿದ್ದೆವು. ನಮ್ಮ ಪೆಟ್ಟಿಗೆಯನ್ನು ಸಾಕಮ್ಮ ಹಾಲಿನ ಫ್ಯಾಟ್ ನೋಡುವ ಹೊಸ ಮಷೀನು ಅಂದುಕೊಂಡಿದ್ದರು.

ಪೆಟ್ಟಿಗೆ ಮಹೇಶ್ ಅವರದು. ಕೆ.ಆರ್. ಪೇಟೆಯವರು, ಫಿಸಿಕ್ಸ್ ಗೆಸ್ಟ್ ಲೆಕ್ಚರರ್. ವಿಜ್ಞಾನ ಶುರುವಾದರೆ ಅವರ ಮಾತು ಇಂಗ್ಲಿಷಿಗೆ ಜಾರುತ್ತದೆ. ಕನ್ನಡ ಎಂ.ಎ. ಮಾಡಿದ ನಾನು ಪಕ್ಕದಲ್ಲಿ ನಿಂತು ಬಿಡಿಸಿ ಹೇಳಬೇಕು.

ಶ್ರೀರಂಗಪಟ್ಟಣ, ನಾಗಮಂಗಲ, ಕೆ.ಆರ್. ಪೇಟೆ ಕಡೆಯ ಕಾರ್ಯಕ್ರಮಗಳು ಮುಗಿದಿದ್ದವು. ಇದೇ ಕೊನೆಯದು.

ಇದಾದ ಮೇಲೆ ನಾವಿಬ್ಬರೂ ಭೇಟಿಯಾಗಲು ಕಾರಣವೇ ಇರುವುದಿಲ್ಲ. ಮನಸ್ಸಿನಲ್ಲಿರುವುದನ್ನು ಇವತ್ತು ಹೇಳಿಬಿಡಬೇಕು ಅಂತ ಬೆಳಗಿನಿಂದ ಅಂದುಕೊಳ್ಳುತ್ತಿದ್ದೆ...

ಸಾಕಮ್ಮನ ಪಕ್ಕ ಹೋಗಿ ನಿಂತೆ. ಎಲ್ಲೋ ನಕ್ಷತ್ರಗಳು ಸಿಡಿದಾಗ ಹೊರಟ ಕಣಗಳು ತುಂಬಾ ದೂರದಿಂದ ಬರುತ್ತವೆ, ನಮ್ಮ ಗಾಳಿಗೆ ಬಡಿದು ಚೂರಾಗುತ್ತವೆ, ಆ ಚೂರು ಹಾದುಹೋದರೆ ಪೆಟ್ಟಿಗೆ ಟಿಕ್ ಅನ್ನುತ್ತದೆ ಅಂದೆ.

ಹೊರಟದ್ದೆಲ್ಲ ಇಲ್ಲಿಗೆ ಮುಟ್ಟುವುದಿಲ್ಲ. ಸೂರ್ಯನ ಕಾಂತಕ್ಷೇತ್ರ ಗ್ರಹಗಳನ್ನೆಲ್ಲ ದಾಟಿ ಹರಡಿಕೊಂಡಿದೆ, ಎಷ್ಟೋ ಕಣಗಳನ್ನು ಅಲ್ಲಿಂದಲೇ ತಿರುಗಿಸಿಬಿಡುತ್ತದೆ. ಸೂರ್ಯ ಚುರುಕಾಗಿರುವ ವರ್ಷಗಳಲ್ಲಿ ಬರುವುದು ಕಡಿಮೆ, ಮಂಕಾದಾಗ ಹೆಚ್ಚು ಅಂತಲೂ ಬಿಡಿಸಿ ಹೇಳಿದೆ.

"ಅಂಗಾದ್ರೆ ಮಳೆ ಕೈ ಕೊಡೋದು, ಬಿಸ್ಲು ಜಾಸ್ತಿ ಆಗಿರೋದು ಎಲ್ಲಾ ಇದ್ರಿಂದ್ಲಾ?" ಹಿಂದೆ ನಿಂತಿದ್ದವರೊಬ್ಬರು ಕೇಳಿದರು.

ಮಹೇಶ್ ಇಲ್ಲವೆಂದು ತಲೆಯಾಡಿಸಿದರು. ಈ ಕಣಗಳಿಂದ ಮೋಡ ಕಟ್ಟುತ್ತದಾ ಅಂತ ಹುಡುಕಿದವರಿದ್ದಾರೆ, ಕಂಡ ಪರಿಣಾಮ ತೀರಾ ಸಣ್ಣದು. ಈಗಿನ ಬಿಸಿಗೆ ಕಾರಣ ನಾವು ಸುಡುವ ಕಲ್ಲಿದ್ದಲು, ಡೀಸೆಲ್ಲು ಅಂದರು.

"ನೋಡ್ಲಾ, ತಪ್ಪು ಸೂರ್ಯಂದಲ್ಲ, ನಿನ್ ಟ್ರಾಕ್ಟರುದು ಕಣ್ಲಾ!" ಪಕ್ಕದವರು ರೇಗಿಸಿದರು.

ಸಾಕಮ್ಮ ಮಾತ್ರ ಪೆಟ್ಟಿಗೆಯನ್ನೇ ನೋಡುತ್ತಿದ್ದರು. "ಅಯ್ಯೋ ಪಾಪ... ಅಷ್ಟ್ ದೂರದಿಂದ ಬಂದು ಬಾಗ್ಲಿಂದ್ಲೇ ವಾಪಸ್ ಒಂಟೋಯ್ತವಾ ಮಗ?"

ಮಹೇಶ್ ನಕ್ಕರು. ನನಗೆ ನಗು ಬರಲಿಲ್ಲ.

ಹಾಲು ಹಾಕಿ ಹೊರಡುವಾಗ ಸಾಕಮ್ಮ ನಮ್ಮಿಬ್ಬರನ್ನೂ ಒಮ್ಮೆ ನೋಡಿ, "ಮನೆಗ್ ಬನ್ನಿ, ಕಾಪಿ ಕುಡ್ದೋಗೀರಂತೆ. ಗಂಡ ಎಂಡ್ತಿ ಇಬ್ರೂ ಮೇಷ್ಟ್ರೇನಾ?" ಅಂದರು.

"ಅಯ್ಯೋ, ಇಲ್ಲ ಇಲ್ಲ!" ಅಂದೆ. ಅಷ್ಟು ಬೇಗ ನಾನು ಯಾವತ್ತೂ ಯಾರಿಗೂ ಉತ್ತರ ಕೊಟ್ಟವಳಲ್ಲ.

ವೈರು ಸುತ್ತುತ್ತಿದ್ದ ಮಹೇಶ್ ಅವರ ಕೈ ನಿಂತಿತು. ನನ್ನ ಮುಖ ನೋಡಿದರು. ಮತ್ತೆ ಸುತ್ತತೊಡಗಿದರು.

ಬಸ್‌ಸ್ಟಾಪಿನಲ್ಲಿ, "ಇನ್ನು ಕಾರ್ಯಕ್ರಮ ಯಾವುದೂ ಇಲ್ವಲ್ಲ ಮೇಡಂ..." ಅಂತ ಅವರೇ ಶುರು ಮಾಡಿದರು.

"ಹೂಂ, ಬಸ್ ಬಂತು" ಅಂದೆ. ಬಸ್ಸು ಇನ್ನೂ ತಿರುವಿನಾಚೆ ಇತ್ತು.

ಅವರು ಫೇಸ್‌ಬುಕ್‌ನಲ್ಲಿಲ್ಲ, ಅದಕ್ಕೇ ಇಲ್ಲಿ ಇಷ್ಟು ಬರೆಯುವ ಧೈರ್ಯ. ನಂಬರ್ ನನ್ನ ಹತ್ತಿರ ಇದೆ. ದಿನಾ ತೆಗೆದು ನೋಡುತ್ತೇನೆ...

ಕಾರ್ಯಕ್ರಮದ ನೆಪವಿಲ್ಲದೆ ಫೋನ್ ಮಾಡಿದರೆ, ನೀವಾದರೆ ಮೊದಲು ಏನಂತೀರಿ?