ಗಾಳಿ ಹೊತ್ತಿನಲ್ಲಿ ಹಚ್ಚಿದ ಒಲೆ

ನಿನ್ನ ಮನೆಗೆ ಬೆಂಕಿ ಬಿದ್ದದ್ದು ನನ್ನ ಒಲೆಯಿಂದ, ನಂಜಕ್ಕ. ನಿನ್ನ ಒಲೆಯಿಂದಲ್ಲ. ಇಷ್ಟು ಹೇಳುವುದಕ್ಕೆ ನನಗೆ ಇಷ್ಟು ವರ್ಷ ಬೇಕಾಯಿತು. ಈಗಲೂ ಕೂತಲ್ಲಿ ಕೂರಲಾರದೆ, ಬಾಗಿಲಿಗೂ ಹಿತ್ತಿಲಿಗೂ ಎಡತಾಕಿ ಬಂದು ಬರೆಯುತ್ತಿದ್ದೇನೆ.

ಐವತ್ತರ ದಶಕದ ನಮ್ಮ ಹಂಗಳ ನಿನಗೆ ಗೊತ್ತಿಲ್ಲದ್ದೇನಲ್ಲ. ಬೀದಿಗೆ ಬೀದಿಯೇ ಹುಲ್ಲಿನ ಮನೆಗಳು. ಶಿವರಾತ್ರಿ ಕಳೆದರೆ ಸಾಕು, ಕಾಡಿನ ಕಡೆಯಿಂದ ಒಣಗಾಳಿ ಏಳುತ್ತಿತ್ತು. ಪ್ರತಿ ಬಾಗಿಲಲ್ಲೂ ತುಂಬಿದ ನೀರಿನ ಗುಡಾಣ, ಪಕ್ಕದಲ್ಲಿ ಕೊಕ್ಕೆ ಕಟ್ಟಿದ ಬಿದಿರು ಗಳ — ಉರಿಯುವ ಸೂರನ್ನು ಎಳೆದು ಕೆಡವುವುದಕ್ಕೆ. ಹೊತ್ತೇರಿ ಗಾಳಿ ಎದ್ದ ಮೇಲೆ ಯಾರೂ ಒಲೆ ಹಚ್ಚುವಂತಿಲ್ಲ. ನಸುಕಿಗೇ ಮುದ್ದೆ ಬೇಯಿಸಿ, ಕೆಂಡಕ್ಕೆ ನೀರು ಚಿಮುಕಿಸಿ, ಸಂಜೆಯವರೆಗೆ ತಣ್ಣಗಿನದನ್ನೇ ಉಣ್ಣಬೇಕು.

ಆ ದಿನ ನನ್ನ ನಾದಿನಿಯನ್ನು ನೋಡಲು ಭೀಮನಬೀಡಿನಿಂದ ಗಂಡಿನ ಕಡೆಯವರು ಬಂದರು. ಬೆಳಿಗ್ಗೆ ಬರಬೇಕಾದ ಗಾಡಿ ನಡುಮಧ್ಯಾಹ್ನಕ್ಕೆ ಬಂತು. ಬೇರೆಯವರಾದರೆ ಮಜ್ಜಿಗೆ ಕೊಟ್ಟು ಕೈಮುಗಿಯುತ್ತಿದ್ದರು. ನನಗೋ ಜಂಬ — ನಮ್ಮ ಬೀದಿಯಲ್ಲಿ ಕಾಫಿಪುಡಿ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ! ಬಾಗಿಲು ಹಾಕಿಕೊಂಡು ಒಲೆ ಹಚ್ಚಿದೆ. ಅವರು ಹೊರಟ ಮೇಲೆ, ಯಾರಾದರೂ ನೋಡಿಯಾರೆಂದು ಬೂದಿಯನ್ನು ಕೆಂಡದ ಸಮೇತ ಗೋರಿ ಹಿತ್ತಿಲ ತಿಪ್ಪೆಗೆ ಸುರಿದೆ. ನೀರು ಚಿಮುಕಿಸಿದರೆ ಹೊಗೆ ಏಳುತ್ತದಲ್ಲ — ಅದಕ್ಕೇ ಚಿಮುಕಿಸಲಿಲ್ಲ. ಕಳ್ಳಬುದ್ಧಿ.

ತಿಪ್ಪೆಯ ಪಕ್ಕದಲ್ಲೇ ನಿನ್ನ ಕೊಟ್ಟಿಗೆ. ಗಾಳಿಗೆ ಕಿಡಿ ಹಾರಿ ಅದರ ಸೂರು ಹತ್ತಿಕೊಂಡಿತು. ನೀನು ಹೊಲದಲ್ಲಿದ್ದೆ. ಜನ ಗುಡಾಣದ ನೀರೆಲ್ಲ ಎರಚಿದರು, ಕೊಕ್ಕೆ ಹಾಕಿ ನಡುವಿನ ಸೂರು ಕೆಡವಿದರು. ಬೀದಿ ಉಳಿಯಿತು. ನಿನ್ನ ಮನೆ ಉಳಿಯಲಿಲ್ಲ. ಕೊಟ್ಟಿಗೆಯಲ್ಲಿ ಕಟ್ಟಿದ್ದ ಗಬ್ಬದ ಹಸುವಿನ ಹಗ್ಗ ಬಿಚ್ಚಲು ಯಾರಿಂದಲೂ ಆಗಲಿಲ್ಲ.

ಸಂಜೆ ಊರ ಯಜಮಾನರು ಎಲ್ಲರನ್ನೂ ನಿಲ್ಲಿಸಿ ಕೇಳಿದರು: "ಯಾರವ್ವಾ ಒಲೆ ಅಚ್ಚಿದ್ದು? ಯೋಳ್ಬುಡಿ."

ನಾನೇ ಮುಂದೆ ಬಂದು ಹೇಳಿದೆ: "ನಂಜಕ್ಕ ಬೆಳಗ್ಗೆ ಕೆಂಡ ಆರ್ಸಿದ್ದ ನಾ ಕಾಣ್ನಿಲ್ಲ ಕಣಪ್ಪಾ."

ನೀನು ನನ್ನ ಮೇಲೆ ಏರಿ ಬರುತ್ತೀಯೆಂದುಕೊಂಡೆ. ನೀನು ಬೂದಿಯ ಕಡೆ ನೋಡುತ್ತ, "ಆರ್ಸಿದ್ದೆ ಕಣ್ರಪ್ಪಾ... ಆರ್ಸಿದ್ನಲ್ಲಾ... ಆರ್ಸಿದ್ನೋ ಇಲ್ವೋ, ಶಿವನೇ," ಎಂದೆ. ಆ ಅನುಮಾನವನ್ನು ನಿನ್ನೊಳಗೆ ಬಿತ್ತಿದವಳು ನಾನು.

ನಾದಿನಿಯ ಸಂಬಂಧ ಕುದುರಿತು. ಅತ್ತೆ ಎಲ್ಲ ಗೊತ್ತಿದ್ದೂ ಸುಮ್ಮನಿದ್ದರು — ಅವರ ಮೇಲೆ ಹೊರಿಸಲಾರೆ, ನಾಲಿಗೆ ನನ್ನದು. ನೀನು ಮಾತ್ರ ಗೋಹತ್ಯೆ ನಿನಗೆ ಸುತ್ತಿಕೊಂಡಿತೆಂದು ಅಂದಿನಿಂದ ಹಾಲು ಮೊಸರು ಮುಟ್ಟಲಿಲ್ಲ. ನಿನ್ನ ಮೊಮ್ಮಗನ ನಾಮಕರಣದಲ್ಲೂ ಪಾಯಸದ ಲೋಟ ಪಕ್ಕಕ್ಕೆ ಸರಿಸಿದೆ. ಬಡಿಸಿದವಳು ನಾನೇ. ಆಗಲಾದರೂ ಹೇಳಬಹುದಿತ್ತು. ಎಷ್ಟೋ ಸಲ ನಿನ್ನ ಹೊಸ್ತಿಲವರೆಗೂ ಬಂದು — ಬೇಡ, ನನ್ನ ಸಂಕಟ ಇಲ್ಲಿ ಯಾಕೆ.

ನಾಳೆ ಬೆಳಿಗ್ಗೆ ಬರುತ್ತೇನೆ. ಅವತ್ತು ನಿಂತಿದ್ದವರಲ್ಲಿ ಉಳಿದಿರುವವರನ್ನು ನಿನ್ನ ಜಗಲಿಗೇ ಬರಹೇಳಿದ್ದೇನೆ, ಅವರೆದುರಿಗೇ ಹೇಳುತ್ತೇನೆ. ಆಮೇಲೆ ನೀನು ಮುಖಕ್ಕೆ ಉಗಿ, ಬಾಗಿಲು ಹಾಕಿಕೋ. ಕ್ಷಮಿಸೆಂದು ಕೇಳುವ ಬಾಯಿ ನನಗಿಲ್ಲ. ಆದರೆ ಇದೊಂದು ಇವತ್ತೇ ತಿಳಿದುಕೋ, ಅಕ್ಕ: ಆ ಬೆಳಿಗ್ಗೆ ನೀನು ಕೆಂಡ ಆರಿಸಿದ್ದೆ. ನೀರು ಬಿದ್ದು ಚುಂಯ್ ಎಂದದ್ದು ಗೋಡೆಯಾಚೆ ನನಗೆ ಕೇಳಿಸಿತ್ತು.