ಪಾಲಯ್ಯನ ಮಾಳಿಗೆಯ ಕಂಬಿಗಳು

ದಾವಣಗೆರೆಯಲ್ಲಿ ಬಿಸಿಲಿಗೆ ಬರವೇ? ಏಪ್ರಿಲ್‌ನಲ್ಲಿ ಮಾಳಿಗೆಯ ಮೇಲೆ ಬರಿಗಾಲಿಟ್ಟವರು ಕುಣಿಯುತ್ತಲೇ ಕೆಳಗಿಳಿಯುತ್ತಾರೆ. ಅಂಥ ಊರಿನಲ್ಲಿ ನಮ್ಮ ಎದುರುಮನೆಯ ಪಾಲಯ್ಯ, ನನ್ನ ಓರಗೆಯವನು, ತನ್ನ ಮನೆಯ ಮೇಲೆ ಸೋಲಾರ್‌ಗೆ ಸಾಲುವಷ್ಟು ಬಿಸಿಲೇ ಬೀಳುವುದಿಲ್ಲ ಎಂದು ವರ್ಷವಿಡೀ ವಾದಿಸಿದ. ಕೇಳಿ ಕೇಳಿ ನನಗೆ ಮೈ ಉರಿಯುತ್ತಿತ್ತು. ಹರಿಹರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿ ನಿವೃತ್ತನಾದವನಿಗೆ ಬಿಸಿಲು ಯಾವುದು, ನೆರಳು ಯಾವುದು ಗೊತ್ತಿಲ್ಲವೇ!

ಮನೆ ಕಟ್ಟಿಸುವಾಗ ಅವನು ಪಿಲ್ಲರ್‌ಗಳ ಕಂಬಿಗಳನ್ನು ಕೊಯ್ಯಿಸದೆ ಮಾಳಿಗೆಯ ಮೇಲೆ ಎದೆಮಟ್ಟ ಬಿಟ್ಟಿದ್ದ. ನಮ್ಮ ಕಡೆ ಎಲ್ಲರೂ ಹಾಗೆಯೇ. ಇವತ್ತು ಕೈ ಸಾಲದಿದ್ದರೂ ಮುಂದೆಂದಾದರೂ ಮೇಲೊಂದು ಮನೆ ಎದ್ದೀತು ಎಂಬ ಆಸೆ. ಕೆಳಗಿನದು ದೊಡ್ಡ ಮಗ ಅಂಜನ್ ಕುಮಾರ್‌ಗೆ, ಮೇಲಿನದು ಚಿಕ್ಕ ಮಗ ಶಿವುಗೆ. ಆದರೆ ಶಿವು, ಸ್ವಾತಿಯನ್ನು ಮದುವೆಯಾದ ಮರುವರ್ಷವೇ, ಊರಂಚಿನ ಕರೂರಿನ ಕಾರ್ಖಾನೆಯಿಂದ ಮನೆಗೆ ಬರುವಾಗ ಬೈಕ್ ಅಪಘಾತದಲ್ಲಿ ತೀರಿಕೊಂಡ. ಮಕ್ಕಳಿರಲಿಲ್ಲ. ಸ್ವಾತಿ ಹರಿಹರದ ತವರಿಗೆ ಹೋಗದೆ ಅತ್ತೆ ಮಾವನ ಜೊತೆಗೇ ಉಳಿದಳು. ಪಾಲಯ್ಯ ಮಾತ್ರ ಪ್ರತಿ ಮಳೆಗಾಲಕ್ಕೆ ಮುಂಚೆ ಮಾಳಿಗೆ ಹತ್ತಿ, ತುಕ್ಕು ಹಿಡಿಯದಿರಲೆಂದು ಆ ಕಂಬಿಗಳಿಗೆ ಸಿಮೆಂಟ್ ಹಾಲು ಬಳಿಯುವುದನ್ನು ಬಿಡಲಿಲ್ಲ. ಅದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಈ ಬೇಸಿಗೆಯಲ್ಲಿ ಅಂಜನ್ ಕುಮಾರ್ ಹಟ ಹಿಡಿದು, ಸೋಲಾರ್ ಹಾಕುವ ಜಮಾಲ್ ಸಾಬ್‌ನನ್ನು ಕರೆತಂದ. ಇಲ್ಲದ ಪಂಚಾಯಿತಿಗೆಂದು ನಾನೂ ಮಾಳಿಗೆ ಹತ್ತಿದೆ. ಜಮಾಲ್ ಸಾಬ್ ಟೇಪು ಹಿಡಿದು ಅಳೆದ.

"ಬಿಸಿಲು ಭರ್ಜರಿ ಐತೆ ಯಜಮಾನ್ರೇ, ಖಂಡಿತ ಗಿಟ್ತೈತೆ. ಆದ್ರೆ ಈ ಕಂಬಿ ನಡುವೆ ನಿಂತಾವೆ. ನೆರಳು ಬಿದ್ರೆ ಕರೆಂಟ್ ಕಮ್ಮಿ ಆಗ್ತೈತೆ. ಕೊಯ್ಸಿಬಿಡ್ರಿ."

"ಕೊಯ್ಯೋದು ಬ್ಯಾಡ. ಸ್ಟ್ಯಾಂಡ್ ಎತ್ತರ ಮಾಡಪ್ಪ," ಎಂದ ಪಾಲಯ್ಯ.

"ಅಷ್ಟು ಎತ್ತರ ಮಾಡಿದ್ರೆ ಗಾಳಿಗೆ ನಾನು ಗ್ಯಾರಂಟಿ ಕೊಡಲ್ಲ."

"ಹಂಗಾರೆ ಸೋಲಾರೇ ಬ್ಯಾಡ."

ಅಂಜನ್ ಕುಮಾರ್‌ನ ತಾಳ್ಮೆ ಕೆಟ್ಟಿತು. "ಅಪ್ಪಾ, ಮೇಲೆ ಮನೆ ಯಾರಿಗೆ ಕಟ್ತೀಯ? ಶಿವು ಬರ್ತಾನಾ?"

ಮಾತು ಬಾಯಿಂದ ಜಾರಿದ ಮೇಲೆ ಅವನೇ ಮುಖ ತಿರುಗಿಸಿಕೊಂಡ. ಪಾಲಯ್ಯ ಒಂದು ಕಂಬಿ ಹಿಡಿದು ನಿಂತ.

"ಸ್ವಾತಿ ಅದಾಳಲ್ಲೋ. ನಾವು ಸತ್ಮೇಲೆ ಅವಳನ್ನ ಯಾರೂ ಹೊರಗೆ ಹೋಗು ಅನ್ಬಾರ್ದು. ಅವಳಿಗೂ ಒಂದು ಸೂರು ಬ್ಯಾಡೇನು?"

ಇಷ್ಟು ವರ್ಷ ಅವನು ಆ ಕಂಬಿಗಳನ್ನು ಕಾದದ್ದು ಸೊಸೆಗಾಗಿ.

ಚಹಾ ತಂದಿದ್ದ ಸ್ವಾತಿ ಮೆಟ್ಟಿಲ ಬಾಯಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ತಟ್ಟೆಯನ್ನು ನೆಲಕ್ಕಿಟ್ಟು ಹತ್ತಿರ ಬಂದಳು.

"ಮಾವ, ಕೊಯ್ಸಿಬಿಡ್ರಿ."

"ಯಾಕವ್ವಾ?"

"ಹರಿಹರದಾಗೆ ಅಣ್ಣ ಒಂದು ಸಂಬಂಧ ನೋಡ್ಯಾನೆ. ಅವರೂ ಹೆಂಡ್ತಿನ ಕಳ್ಕೊಂಡೋರು. ದೀಪಾವಳಿಯಿಂದ ಕೇಳ್ತಾ ಅದಾನೆ. ನೀವು ಇಲ್ಲಿ ಬಂದು ಸಿಮೆಂಟ್ ಹಚ್ಚೋದು ನೆನೆಸ್ಕೊಂಡ್ರೆ ಹೂಂ ಅನ್ನೋಕೆ ನಂಗೆ ಬಾಯೇ ಬರ್ಲಿಲ್ಲ." ಅವಳು ಅಳುತ್ತಿದ್ದಳು. "ನಂಗೆ ಹೋಗ್ಬೇಕು ಅನ್ನಿಸ್ತೈತೆ, ಮಾವ."

ಬಿಸಿಲು ನೆತ್ತಿ ಸುಡುತ್ತಿತ್ತು. ಪಾಲಯ್ಯ ಹಿಡಿದಿದ್ದ ಕಂಬಿ ಬಿಟ್ಟು ಸೊಸೆಯ ತಲೆಯ ಮೇಲೆ ಕೈಯಿಟ್ಟ.

"ನಿಮ್ಮಣ್ಣಗೆ ಬರೋಕೆ ಹೇಳವ್ವಾ. ಮಾತುಕತೆ ಈ ಮನೇಲೇ ಆಗ್ಲಿ, ನಾನೇ ಕೂತು ಮಾಡ್ತೀನಿ." ಆಮೇಲೆ ಜಮಾಲ್ ಸಾಬ್ ಕಡೆ ತಿರುಗಿದ. "ನಾಳೆ ಕಟಿಂಗ್ ಮಷಿನ್ ತಗಂಡು ಬಾ."

ಮಾರನೆಯ ದಿನ ಕೊಯ್ಯುವ ಕೆಲಸ ಮುಗಿಯುವವರೆಗೂ ಪಾಲಯ್ಯ ನಮ್ಮ ಮನೆಯ ಕಟ್ಟೆಯ ಮೇಲೆ ನನ್ನ ಪಕ್ಕದಲ್ಲಿ ಕೂತಿದ್ದ. ನಾನು ಕೊಟ್ಟ ಚಹಾ ಮುಟ್ಟಲಿಲ್ಲ. ಮಷಿನಿನ ಸದ್ದು ನಿಂತಿತು.

"ಈಗ ಹೋದ ನೋಡು, ನಮ್ಮ ಶಿವು," ಎಂದು ಬಿಕ್ಕಿ ಬಿಕ್ಕಿ ಅತ್ತ.